ಒಂದು ಜೊತೆ ಬಿಗಿ ಸಾಕ್ಸು

ಹರಡಿನ ಮೂಳೆಗಿಂತ ಎರಡು ಬೆರಳು ಮೇಲೆ, ಎಡಗಾಲಿನ ಒಳಬದಿಯಲ್ಲಿ, ಎಂಟಾಣೆ ನಾಣ್ಯದಷ್ಟು ಅಗಲದ ಗಾಯ. ಅಂಚು ಪೂರ್ತಿ ದುಂಡಗಿರಲಿಲ್ಲ. ಕೆಳಗಡೆ ಇಲಿ ಕಚ್ಚಿದ ದೋಸೆಯಂತೆ ಒಂದು ಕಡೆ ಒಳಕ್ಕೆ ಹೋಗಿತ್ತು. ಸುತ್ತಲಿನ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಸ್ಪಿರಿಟ್‌ನಲ್ಲಿ ಒರೆಸಿ ಗಾಯದ ಮೇಲೆ ಹಿಡಿದು, ಮಾರ್ಕರ್ ಪೆನ್ನಿನಲ್ಲಿ ಅಂಚನ್ನು ಎಳೆದುಕೊಂಡೆ. ಆಮೇಲೆ ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕಗಳನ್ನು ಎಣಿಸಿದೆ. ಸಸ್ಯಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಎಲೆಯ ವಿಸ್ತೀರ್ಣ ಅಳೆಯಲು ಕಲಿತ ವಿದ್ಯೆ. ಮುನ್ನೂರ ಎಂಬತ್ತು ಚದರ ಮಿಲಿಮೀಟರ್.

"ಏನ್ ಮಗಾ ಅದು, ಸೈಟ್ ಅಳ್ದಂಗೆ ಅಳೀತಿದ್ದೀಯ?" ಎಂದಳು ದೊಡ್ಡಮ್ಮ, ಮಂಚದ ಮೇಲೆ ಕಾಲು ನೀಡಿಕೊಂಡು. "ಎಷ್ಟಾಯ್ತು, ಮೂವತ್ತು ನಲವತ್ತಾ?"

ಆ ಕಾಲದಲ್ಲಿ ಬಿಡದಿಯಿಂದ ರಾಮನಗರದವರೆಗೆ ಯಾರ ಕೈಯಲ್ಲಿ ಟೇಪು ಕಂಡರೂ ಜನರಿಗೆ ಸೈಟಿನ ನೆನಪೇ ಬರುತ್ತಿತ್ತು. ಹೊಲಗಳು ಫ್ಯಾಕ್ಟರಿಗಳಾಗುತ್ತಿದ್ದವು, ಫ್ಯಾಕ್ಟರಿಗಳ ಪಕ್ಕದ ಹೊಲಗಳು ಸೈಟುಗಳಾಗುತ್ತಿದ್ದವು. ದೊಡ್ಡಮ್ಮ ಬಿಡದಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಬೆಳಿಗ್ಗೆ ಆರೂ ಹತ್ತಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಐದರವರೆಗೆ ನಿಂತೇ ಇರಬೇಕು. ಅವಳು ನನ್ನ ಅಮ್ಮನ ಅಕ್ಕ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕೋಡಿಹಳ್ಳಿ ಕಡೆಯ ನಮ್ಮ ಊರಿನಿಂದ ರಾಮನಗರಕ್ಕೆ ಕೆಲಸಕ್ಕೆ ಬಂದ ನಾನು ಅವಳ ಬಾಡಿಗೆ ಮನೆಯಲ್ಲೇ ಇದ್ದೆ.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು, ಹೆಚ್ಚೇನೂ ಹೇಳಿಕೊಳ್ಳುವಂಥದಲ್ಲದಿದ್ದರೂ. ಬುಧವಾರ ಮತ್ತು ಶನಿವಾರ ಬೆಂಗಳೂರಿನಿಂದ ಬರುವ ಸರ್ಜನ್ ಒಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವುದು, ಫೈಲು ಜೋಡಿಸುವುದು, ಬಂದವರನ್ನು ಸಾಲಾಗಿ ಕೂರಿಸುವುದು. ಸಂದರ್ಶನದಲ್ಲಿ ಅವರು ನನ್ನ ಅರ್ಜಿಯನ್ನು ನೋಡಿ, "ಬಾಟನಿಯಾ? ಪರವಾಗಿಲ್ಲ, ಗಿಡದಲ್ಲೂ ನಾಳಗಳಿವೆಯಲ್ಲ" ಎಂದು ಕೆಲಸ ಕೊಟ್ಟಿದ್ದರು. ಕಾಲಿನಲ್ಲಿ ಉಬ್ಬಿ ಗಂಟುಗಂಟಾಗುವ ರಕ್ತನಾಳಗಳು ಅವರ ಕ್ಷೇತ್ರ. ಆ ಕೆಲಸದಲ್ಲಿ ಅವರ ಕೈ ಚೆನ್ನಾಗಿತ್ತು. ಕೈಗಿದ್ದ ತಾಳ್ಮೆ ಬಾಯಿಗಿರಲಿಲ್ಲ. ರೋಗಿ ಮೂರನೆಯ ಪ್ರಶ್ನೆ ಕೇಳಿದ ಕೂಡಲೇ ಗಡಿಯಾರ ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಇವರು ಕೇಳೋದೆಲ್ಲ ಬರೆದುಕೊಳ್ಳಿ. ಉತ್ತರ ನಾನು ಹೇಳ್ತೀನಿ. ಅಚ್ಚು ಹಾಕಿಸಿ ಕೊಟ್ಟುಬಿಡೋಣ, ಓದಿಕೊಳ್ಳಲಿ. ನನ್ನನ್ನ ಕೇಳೋದು ಬೇಡ" ಎಂದರು.

ಹೀಗೆ ನಾನು ಪ್ರಶ್ನೆಗಳನ್ನು ಸಂಗ್ರಹಿಸುವವಳಾದೆ. ಅಪರಿಚಿತರೊಡನೆ ಮಾತನಾಡುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಂತೆ. ಆದರೆ ನಾನು ಕೇಳಬೇಕಾಗಿಯೇ ಬರಲಿಲ್ಲ. ಕೈಯಲ್ಲಿ ಪುಸ್ತಕ ಹಿಡಿದು ಬೆಂಚಿನ ತುದಿಯಲ್ಲಿ ಕೂತರೆ ಸಾಕು, ಜನ ತಾವಾಗಿಯೇ ಪಂಚೆ, ಪ್ಯಾಂಟು, ಸೀರೆಯ ಅಂಚು ಎತ್ತಿ ತೋರಿಸುತ್ತಿದ್ದರು. ಓದುವಾಗ ಐದು ವರ್ಷ ಒಂದೇ ಹಾಸ್ಟೆಲಿನಲ್ಲಿದ್ದವರಿಗೂ ನಾನು ನನ್ನ ಮೊಣಕಾಲು ತೋರಿಸಿದವಳಲ್ಲ; ಈ ಜನ ಐದು ನಿಮಿಷದ ಪರಿಚಯಕ್ಕೆ ತೊಡೆಯವರೆಗೂ ಬರುತ್ತಿದ್ದರು.

"ಇದು ನಿಂತು ನಿಂತು ಬಂತಾ, ನಮ್ಮಪ್ಪನಿಂದ ಬಂತಾ?" ಎಂದು ಒಬ್ಬ ಬಸ್ ಕಂಡಕ್ಟರ್ ಕೇಳಿದ. ಎರಡರಿಂದಲೂ ಎಂದರು ಡಾಕ್ಟರು. ಕಂಡಕ್ಟರಿಗೆ ಸಮಾಧಾನವಾಗಲಿಲ್ಲ. ಅಪ್ಪನ ಮೇಲೆ ಹೊರಿಸಬೇಕೆಂದೇ ಅವನು ಬಂದಂತಿತ್ತು.

"ನಾನು ಕೂತೇ ಕೆಲ್ಸ ಮಾಡೋನು, ನನಗ್ಯಾಕೆ ಬಂತು?" ಎಂದವರು ಚನ್ನಪಟ್ಟಣದ ಗೊಂಬೆ ಕೆಲಸದವರೊಬ್ಬರು. ಕಾಲು ಕೆಳಗಿಟ್ಟು ಅಲ್ಲಾಡದೆ ಗಂಟೆಗಟ್ಟಲೆ ಕೂರುವುದೂ ನಿಂತ ಹಾಗೆಯೇ ಎಂದು ಉತ್ತರ ಬರೆದುಕೊಂಡೆ. "ಅಂದ್ರೆ ಏನ್ ಮಾಡುದ್ರೂ ತಪ್ಪು ಅನ್ನಿ" ಎಂದು ಅವರು ಪಕ್ಕದವರಿಗೆ ಹೇಳಿದರು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ರಾತ್ರಿ ಕಾಲಡಿಗೆ ದಿಂಬಿಟ್ಟು ಮಲಗಿ ಎಂಬ ಭಾಗ ಅವರ ಕಿವಿಗೆ ಬೀಳಲೇ ಇಲ್ಲ.

ಮಾಗಡಿಯಿಂದ ಬಂದಿದ್ದ ಅಜ್ಜನದು ವ್ಯಾವಹಾರಿಕ ಪ್ರಶ್ನೆ: "ಆಪ್ರೇಸನ್ ಆದ್ಮೇಕೆ ನಾಟಿ ಕೋಳಿ ಯಾವತ್ತಿಂದ ತಿನ್ಬೋದು ತಾಯಿ?" ಡಾಕ್ಟರು ತಲೆ ಎತ್ತದೆ, "ಅವತ್ತೇ" ಎಂದರು. ಆ ಕ್ಲಿನಿಕ್ಕಿನಲ್ಲಿ ಅಷ್ಟು ಸಂತೋಷ ಕೊಟ್ಟ ವೈದ್ಯಕೀಯ ಅಭಿಪ್ರಾಯ ಇನ್ನೊಂದಿಲ್ಲ. ಅಜ್ಜ ಅಲ್ಲೇ ಆಪರೇಷನ್ನಿಗೆ ಒಪ್ಪಿಕೊಂಡ.

"ಜಿಗಣೆ ಬಿಟ್ರೆ ಆಗಲ್ವಾ? ಕೆಟ್ಟ ರಕ್ತ ಎಲ್ಲಾ ಕುಡ್ಕೊಂಡೋಯ್ತದೆ" ಎಂದ ಇನ್ನೊಬ್ಬ. ಅದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಬೈರಮಂಗಲದ ರೈತರೊಬ್ಬರು ಉತ್ತರ ಕೊಟ್ಟರು. "ನಮ್ಮ್ ಕೆರೆಗೆ ಈಗ ಬತ್ತಿರೋ ನೊರೆ ನೀರಲ್ಲಿ ಜಿಗಣೆ ಎಲ್ಲುಳ್ಕಂಡಿದ್ದಾವು ಬಾರಪ್ಪ. ಇದ್ರೂ ಅವಕ್ಕೇ ಡಾಕ್ಟ್ರು ಬೇಕು."

ಅದೇ ರೈತರೇ ನನ್ನ ಇಡೀ ಒಂದು ಪುಟವನ್ನು ಹೊಡೆದು ಹಾಕಿಸಿದ್ದು. ರಕ್ತ ಕಾಲಿಗೆ ಇಳಿಯುವುದು ಸುಲಭ, ಮೇಲೆ ಹತ್ತುವುದು ಕಷ್ಟ. ನಡೆಯುವಾಗ ಮೀನಖಂಡ ಅದನ್ನು ಮೇಲಕ್ಕೆ ಹಿಂಡುತ್ತದೆ. ಹಿಂಡಿದ್ದು ವಾಪಸ್ ಬೀಳದಂತೆ ನಾಳದೊಳಗೆ ಪುಟ್ಟ ಬಾಗಿಲುಗಳಿವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ, ಚರ್ಮ ಕಪ್ಪಾಗುತ್ತದೆ, ಕೊನೆಗೆ ಗಾಯವಾಗುತ್ತದೆ. ಇಷ್ಟನ್ನು ನಾನು ಬಹಳ ಕಷ್ಟಪಟ್ಟು, ಸಸ್ಯಶಾಸ್ತ್ರದ ಗೌರವ ಕಾಪಾಡಿಕೊಂಡು ಬರೆದಿದ್ದೆ. ಓದಿ ಹೇಳಿದಾಗ ಅವರು, "ಫುಟ್‌ವಾಲು ಲೀಕಾಗೈತೆ ಅನ್ನವ್ವ, ಅಷ್ಟೇಯ" ಎಂದರು. ಎಳೆದ ನೀರು ಬಾವಿಗೆ ವಾಪಸ್ ಬೀಳದಂತೆ ಪೈಪಿನ ಬುಡದಲ್ಲಿ ಕೂರುವ ಆ ವಾಲ್ವನ್ನು ಬಲ್ಲ ಪಂಪ್‌ಸೆಟ್ಟಿನವರೆಲ್ಲ ತಲೆಯಾಡಿಸಿದರು. ನಾನು ನನ್ನ ಪುಟವನ್ನು ಹರಿದೆ.

ಹೆಚ್ಚು ಜನ ಕೇಳಿದ್ದು ಮಾತ್ರ ಒಂದನ್ನೇ: ಆ ನರ ಕಿತ್ತುಹಾಕಿದರೆ ಅದರೊಳಗಿನ ರಕ್ತ ಎಲ್ಲಿ ಹೋಗುತ್ತದೆ? ಕೆಟ್ಟ ನಾಳದಿಂದ ಉಪಯೋಗವಿಲ್ಲ, ಒಳಗೆ ಆಳದಲ್ಲಿ ದೊಡ್ಡ ನಾಳಗಳಿವೆ, ರಕ್ತ ಅಲ್ಲಿಂದ ಹೋಗುತ್ತದೆ ಎಂದು ಬರೆದೆ. ಆಗ ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು. ಹಳೆಯ ರಸ್ತೆ ಮುಚ್ಚಿದರೂ ಬಸ್ಸು ಮನೆಗೆ ತಲುಪಿಸುವುದಿಲ್ಲವೇ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಒಬ್ಬಳು ಮಾತ್ರ, "ತಲುಪುಸ್ತದೆ, ಎರಡ್ ಗಂಟೆ ಲೇಟು" ಎಂದಳು.

ಹದಿನಾಲ್ಕು ಪ್ರಶ್ನೆಗಳ ಕರಪತ್ರ ಅಚ್ಚಾಯಿತು. ಅದರ ಮೊದಲ ಪ್ರತಿಯನ್ನು ನಾನು ದೊಡ್ಡಮ್ಮನಿಗೆ ಓದಿ ಹೇಳಿದೆ. ಆಗಲೇ ಅವಳು ಸೀರೆಯ ಅಂಚು ಎತ್ತಿ, "ಹಂಗಾರೆ ಇದೂ ಅದೇಯಾ?" ಎಂದು ಆ ಎಂಟಾಣೆಯನ್ನು ತೋರಿಸಿದ್ದು. ಮೂರು ತಿಂಗಳಿನಿಂದ ಅರಿಶಿನ ಮೆತ್ತಿ, ಹಳೆ ಸೀರೆಯ ಚೂರು ಸುತ್ತಿ, ಮೇಲೆ ಗಮ್‌ಬೂಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳಂತೆ. ದಿನಾ ಊರವರ ಕಾಲು ನೋಡಿ ಬರೆದುಕೊಳ್ಳುತ್ತಿದ್ದ ನಾನು ಮನೆಯಲ್ಲಿದ್ದ ಕಾಲನ್ನು ನೋಡಿರಲಿಲ್ಲ.

ಅವಳು ಬಚ್ಚಿಟ್ಟಿದ್ದಕ್ಕೆ ಕಾರಣವಿತ್ತು. ಕ್ಯಾಂಟೀನಿನ ಅಡುಗೆಯವರು ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟು ಕೊಡಬೇಕು. ಮೈಮೇಲೆ ತೆರೆದ ಗಾಯವಿದ್ದರೆ ಒಲೆಯ ಹತ್ತಿರ ಸೇರಿಸುವುದಿಲ್ಲ, ಗುತ್ತಿಗೆಯವನು ಬೇರೆಯವರನ್ನು ಹಾಕಿಕೊಳ್ಳುತ್ತಾನೆ. ಸರ್ಟಿಫಿಕೇಟಿಗೆ ಎಂಟು ವಾರ ಬಾಕಿ ಇತ್ತು. ಆ ಕೆಲಸ ಹೋದರೆ ದೊಡ್ಡಮ್ಮ ಮತ್ತೆ ತಮ್ಮಂದಿರ ಮನೆಯ ಕೊಟ್ಟಿಗೆ ಬಳಿಯಲು ಹೋಗಬೇಕು. ಅದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳು: "ನಾನು ಅನ್ನ ಬಡ್ಸೋಳಾಗೇ ಇರ್ತೀನಿ ಕಣೆ. ಬಡ್ಸುಸ್ಕಳೋಳು ಆಗಕ್ಕಿಲ್ಲ."

ಡಾಕ್ಟರು ಅವಳ ಪಾದದ ನಾಡಿ ಒತ್ತಿ ನೋಡಿ, ಕಾಲಿಗೆ ಇಳಿಯುವ ರಕ್ತ ಸರಿಯಾಗಿದೆ, ತೊಂದರೆಯೆಲ್ಲ ಹತ್ತುವುದರಲ್ಲಿದೆ ಎಂದರು. ಗಾಯ ಒಣಗಲಿ, ಆಮೇಲೆ ಆಪರೇಷನ್. ಒಣಗಬೇಕಾದರೆ ಗಾಯಕ್ಕೆ ಪಟ್ಟಿ ಕಟ್ಟಿ, ಮೇಲೆ ಬಿಗಿ ಸಾಕ್ಸು ಹಾಕಲೇಬೇಕು. ಮೊಣಕಾಲಿನ ಕೆಳಗಿನವರೆಗೆ ಬರುವ, ಬೆರಳು ಹೊರಗೆ ಕಾಣುವ, ಮೈಬಣ್ಣದ ಒಂದು ಜೊತೆ ಸಾಕ್ಸನ್ನು ಬೆಂಗಳೂರಿನಿಂದ ತರಿಸಿಕೊಟ್ಟೆ. ಕರಪತ್ರದ ಒಂಬತ್ತನೆಯ ಉತ್ತರವನ್ನು ಎರಡು ಸಲ ಓದಿದೆ: ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುನ್ನವೇ ಧರಿಸಿರಿ. ದಿನವಿಡೀ ಧರಿಸಿರಿ. ರಾತ್ರಿ ತೆಗೆಯಿರಿ. ದೊಡ್ಡಮ್ಮ ಸಾಕ್ಸನ್ನು ಕೆನ್ನೆಗೆ ಒತ್ತಿ ನೋಡಿ, "ಎಷ್ಟ್ ನುಣ್ಣಗೈತೆ, ಮದ್ವೆ ಹೆಣ್ಣಿನ ರವಿಕೆ ಕಣದಂಗೆ" ಎಂದಳು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ನಾಲ್ಕು ವಾರ ಕಳೆದ ಮೇಲೆ ಮತ್ತೆ ಪ್ಲಾಸ್ಟಿಕ್ ಹಾಳೆ, ಮಾರ್ಕರ್ ಪೆನ್ನು, ಗ್ರಾಫ್. ಮುನ್ನೂರ ಎಪ್ಪತ್ತಾರು. ಆ ನಾಲ್ಕು ಚೌಕದ ವ್ಯತ್ಯಾಸ ಮಾರ್ಕರಿನ ಗೆರೆಯ ದಪ್ಪದಿಂದಲೂ ಇರಬಹುದು. ನಡುವೆ ದೊಡ್ಡಮ್ಮ ದೊಡ್ಡಮಳೂರಿಗೆ ಹೋಗಿ ಅಪ್ರಮೇಯಸ್ವಾಮಿಗೆ ಹರಕೆ ಹೊತ್ತು ಬಂದಿದ್ದಳು. ಅಳತೆಗೆ ಸಿಗದವನು ಎಂಬ ಹೆಸರಿಟ್ಟುಕೊಂಡ ದೇವರಿಗೆ ಚದರ ಮಿಲಿಮೀಟರಿನ ವಿಷಯ ಹೇಳಿದರೆ ಹೀಗೇ ಆಗುವುದು ಎಂದುಕೊಂಡೆ.

ಡಾಕ್ಟರು ಸಾಕ್ಸನ್ನು ಕಳಚಿ, ಗಾಯ ನೋಡಿ, ಸಾಕ್ಸನ್ನು ನೋಡಿ, ನನ್ನನ್ನು ನೋಡಿದರು. "ಸ್ಟಾಕಿಂಗ್ಸ್ ಚೆನ್ನಾಗಿ ಇಟ್ಟುಕೊಂಡಿದ್ದಾರೆ" ಎಂದರು. "ಗಾಯ ಮಾತ್ರ ಹಾಗೇ ಇದೆ. ಇನ್ನು ನಾಲ್ಕು ವಾರ. ಮುಚ್ಚಿದರೆ ಸಹಿ ಹಾಕ್ತೀನಿ. ಇಲ್ಲದಿದ್ದರೆ ಇಲ್ಲ."

ಅವತ್ತು ಶನಿವಾರ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ದೊಡ್ಡಮ್ಮ ಶುರು ಮಾಡಿದಳು.

"ಅವರ ಸೀಲು ನಿನ್ನ ಡ್ರಾನಲ್ಲೇ ಇರ್ತದಂತಲ್ಲ."

"ಹೌದು."

"ಒಂದ್ಸಲ ಒತ್ತುದ್ರೆ ಸವ್ದೋಯ್ತದಾ?"

"ಸಹಿ ಅವರದು ದೊಡ್ಡಮ್ಮ."

"ಅದೇನ್ ಮಹಾ ಸಹಿ, ಕೋಳಿ ಕೆದ್ರಿದಂಗೈತೆ. ಎಮ್ಮೆಸ್ಸಿ ಓದಿರೋಳು, ಕೋಳಿ ಕೆದ್ರದಷ್ಟು ನಿಂಗೆ ಬರಕ್ಕಿಲ್ವಾ?"

ಬರುತ್ತಿತ್ತು. ಹಿಂದೊಮ್ಮೆ ರೋಗಿಗಳಿಲ್ಲದ ಮಧ್ಯಾಹ್ನ ರದ್ದಿ ಕಾಗದದ ಮೇಲೆ ಹಾಕಿ ನೋಡಿದ್ದೂ ಉಂಟು. ನನ್ನದು ಅವರದಕ್ಕಿಂತ ಚೆನ್ನಾಗಿತ್ತು. ಅದನ್ನು ಹೇಳಲಿಲ್ಲ. ಆಗುವುದಿಲ್ಲ ಎಂದೆ. ಆದರ್ಶಕ್ಕಾಗಿ ಹಾಗೆ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಸುಳ್ಳು ಸರ್ಟಿಫಿಕೇಟು ಹಿಡಿದು ಅವಳು ಇನ್ನೊಂದು ವರ್ಷ ಅದೇ ಗಾಯದ ಮೇಲೆ ನಿಲ್ಲುತ್ತಾಳೆ, ಆಮೇಲೆ ಎಂಟಾಣೆ ಒಂದು ರೂಪಾಯಿಯಾಗುತ್ತದೆ, ಅದನ್ನೂ ನಾನೇ ಅಳೆಯಬೇಕಾಗುತ್ತದೆ ಎಂಬುದೇ ನನ್ನ ತಲೆಯಲ್ಲಿತ್ತು. ದೊಡ್ಡಮ್ಮ ಮಾತು ಬಿಟ್ಟಳು. ಭಾನುವಾರ ಮಾಡಿದ ಹುರುಳಿಕಾಳಿನ ಬಸ್ಸಾರನ್ನು ನನ್ನ ಮುಂದೆ ಇಟ್ಟ ರೀತಿಯಲ್ಲೇ ಅದು ಗೊತ್ತಾಯಿತು.

ಆ ಭಾನುವಾರ ಸಂಜೆ ಪಕ್ಕದ ಮನೆಯಾಕೆ ಬಂದರು. ಉರ್ದುವಿನಲ್ಲಿ ಚಿಕ್ಕಮ್ಮನಿಗೆ ಹೇಳುವ ಹಾಗೆ ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಅವರ ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಬೆಳಿಗ್ಗೆಯಿಂದ ಸಂಜೆಯವರೆಗೆ ಗೂಡು ಕುದಿಯುವ ಬಿಸಿನೀರಿನ ಬೇಸಿನ್ನಿನ ಮುಂದೆ ನಿಲ್ಲುವುದು ಅವರ ಕೆಲಸ. ದೊಡ್ಡಮ್ಮನಿಗೂ ಅವರಿಗೂ ಒಂದೇ ವಯಸ್ಸು, ಒಂದೇ ಮೈಕಟ್ಟು, ಜಗಳಕ್ಕೂ ಸರಿಜೋಡಿ. ಅವರ ಕೈಯಲ್ಲಿ ಉರ್ದು ಪೇಪರಿನಲ್ಲಿ ಸುತ್ತಿದ ಪೊಟ್ಟಣವಿತ್ತು.

"ತಗೋ ಬೇಟಿ, ನಿಮ್ಮ ದೊಡ್ಡಮ್ಮಂದು. ಡಾಕ್ಟರ್ ಸಾಹೇಬ್ರು ಸಹಿ ಹಾಕಲಿಲ್ಲ ಅಂತಲ್ಲ. ಒಂದು ನನ್ನ ಹತ್ರ ಇದ್ದಿದ್ದಕ್ಕೇ ಹಿಂಗಾಯ್ತೇನೋ ಅಂತ ನನಗೆ ನಿದ್ದೆ ಬರಲಿಲ್ಲ."

ಪೊಟ್ಟಣ ಬಿಚ್ಚಿದೆ. ಬಿಗಿ ಸಾಕ್ಸು, ಒಂದೇ ಒಂದು. ಒಗೆದು ಒಣಗಿಸಿದ್ದರೂ ಬೇಸಿನ್ ನೀರಿನ ಕಂದು ಬಣ್ಣಕ್ಕೆ ತಿರುಗಿತ್ತು. ಹಿಮ್ಮಡಿ ನವೆದಿತ್ತು, ಬೆಂದ ಗೂಡಿನ ವಾಸನೆ ಅದರ ಎಳೆಯೆಳೆಯಲ್ಲೂ ಸೇರಿತ್ತು.

"ಇದು ನಿಮ್ಮ ಹತ್ರ ಹೇಗೆ ಬಂತು ಖಾಲಾ?"

"ಅರೆ, ಅವಳೇ ಕೊಟ್ಟಳು. ನನಗೆ ನೋವಿರೋದು ಎಡಗಾಲು, ಬಲಗಾಲಿಂದು ಸುಮ್ನೆ ಯಾಕೆ, ನಿನ್ನ ಬಲಗಾಲಿಗೆ ಹಾಕ್ಕೋ ಅಂತ. ದಾರ ಹಿಡಿದು ಇಬ್ಬರ ಕಾಲೂ ಅಳತೆ ಮಾಡಿದ್ವಿ. ಒಂದೇ ಸೈಜು. ನೋಡಿಲ್ಲಿ!" ಎಂದು ಸೀರೆಯ ಅಂಚನ್ನು ಎರಡು ಗೇಣು ಎತ್ತಿದರು. "ಸಂಜೆ ಹೊತ್ತಿಗೆ ಕುಂಬಳಕಾಯಿ ಥರ ಊದ್ತಿತ್ತು. ಈಗ ನೋಡು, ಮೂಳೆ ಕಾಣ್ತದೆ. ಒಂದ್ ತಿಂಗಳಿಂದ ಒಂದ್ ದಿನ ಬಿಟ್ಟಿಲ್ಲ."

ನಾನು ಎದ್ದು ದೊಡ್ಡಮ್ಮನ ಟ್ರಂಕು ತೆರೆದೆ. ಬೇರೆಯವರ ಟ್ರಂಕು ತೆರೆಯುವವಳಲ್ಲ ನಾನು, ಅವತ್ತು ತೆರೆದೆ. ಮದುವೆಯ ಸೀರೆಯ ಮಡಿಕೆಯೊಳಗೆ, ಎರಡು ನುಸಿಗುಳಿಗೆಗಳ ನಡುವೆ, ಎಡಗಾಲಿನ ಸಾಕ್ಸು ಹೊಸದಾಗಿ ಮಲಗಿತ್ತು. ಒಳಗಿನ ಲೇಬಲ್ಲಿನ ಅಕ್ಷರವೂ ಅಳಿಸಿರಲಿಲ್ಲ. ಅದು ದೊಡ್ಡಮಳೂರಿಗೆ ಹೋಗಿತ್ತು, ಕನಕಪುರದ ಒಂದು ಮದುವೆಗೆ ಹೋಗಿತ್ತು, ಡಾಕ್ಟರ ಹತ್ತಿರ ಹೋಗಿತ್ತು. ಕ್ಯಾಂಟೀನು ಒಂದಕ್ಕೆ ಹೋಗಿರಲಿಲ್ಲ.

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಾತು ಬಿಟ್ಟಿದ್ದನ್ನು ಮರೆತಳು.

"ಏನಂಗ್ ನೋಡ್ತೀಯ? ಒಳ್ಳೇದ್ನ ಯಾರಾದ್ರೂ ಕೆಲ್ಸಕ್ಕೆ ಹಾಕ್ಕೊಂಡೋಯ್ತಾರಾ? ಬೂಟಿನೊಳಿಕ್ಕೆ ಮುಸುರೆ ನೀರು ನುಗ್ತದೆ. ಅದ್ರಲ್ಲಿ ಅದನ್ನ ಅದ್ದಲಾ?"

"ನಾನು ಅದ್ದಲಿಲ್ವಾ?" ಎಂದರು ಖಾಲಾ.

"ನೀನು ಸುಮ್ಕಿರೇ. ನಿಂಗ್ ಬಿಟ್ಟಿ ಬಂತು, ಅದ್ದುದೆ."

"ಬಿಟ್ಟಿ ಬಂದಿದ್ದು ನನ್ನ ಕಾಲು ಉಳಿಸ್ತು. ದುಡ್ಡು ಕೊಟ್ಟಿದ್ದು ನಿನ್ನ ಸೀರೆ ಕಾಯ್ತು."

ದೊಡ್ಡಮ್ಮ ಮಂಚದ ಮೇಲೆ ಕೂತಳು. ಆಮೇಲೆ ಹೊರಬಂದ ಮಾತು ಬೇರೆಯದೇ ಆಗಿತ್ತು.

"ಅದು ಏರಕ್ಕಿಲ್ಲ ಮಗಾ. ಮೊದಲ್ನೇ ದಿನ ಹಾಕ್ಕಳಕ್ಕೋದೆ. ಬಗ್ಗುದ್ರೆ ಸೊಂಟ ಹಿಡ್ಕತದೆ, ಎಳುದ್ರೆ ಹಿಮ್ಮಡೀಲಿ ಸಿಕ್ಕಾಕ್ಕತದೆ. ಎಳ್ದು ಎಳ್ದು ಗಾಯ ಕಿತ್ತು ರಕ್ತ ಬಂತು. ಬಸ್ಸೂ ಹೋಯ್ತಿತ್ತು. ಸಾಕು ಸಾವಾಸ ಅಂತ ಮಡಿಕ್ಕಂಡೆ. ಊರಿಗೆ ಹೋಗುವಾಗ ಇವಳು ಹಾಕ್ಕೊಡ್ತಿದ್ಲು."

"ನನ್ನ ಎಬ್ಬಿಸಬಹುದಿತ್ತಲ್ಲ?"

"ನೀನು ಏಳು ಗಂಟೆಗೆ ಮೊದ್ಲು ಯಾವತ್ತೆದ್ದಿದ್ದೀಯ? ಎಬ್ಬುಸುದ್ರೆ ನಿನ್ನ ಮುಖ ನೋಡ್ಬೇಕಲ್ಲ."

ಖಾಲಾ ನಕ್ಕರು. ನಾನು ನಗಲಿಲ್ಲ. ಹದಿನಾಲ್ಕು ಪ್ರಶ್ನೆ ಬರೆದಿದ್ದೆ. ಸೊಂಟ ಬಗ್ಗದವರು ಒಬ್ಬರೇ ಇದನ್ನು ಹಾಕಿಕೊಳ್ಳುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಧರಿಸಿರಿ ಎಂದು ಬರೆದು ಪೂರ್ಣವಿರಾಮ ಇಟ್ಟಿದ್ದೆ, ಅಷ್ಟೇ.

ಖಾಲಾ ತಮ್ಮ ಮನೆಗೆ ಹೋಗಿ ಒಂದು ಅಂಗೈ ಅಗಲದ ರೇಷ್ಮೆ ಬಟ್ಟೆಯ ತುಂಡು ತಂದರು, ಹಳೆಯ ರವಿಕೆಯದು. ಅದನ್ನು ದೊಡ್ಡಮ್ಮನ ಎಡಪಾದಕ್ಕೆ ಸುತ್ತಿ ಅದರ ಮೇಲೆ ಸಾಕ್ಸನ್ನು ಜಾರಿಸಿದರು. ಹಿಮ್ಮಡಿ ದಾಟಿದ ಮೇಲೆ ಬೆರಳ ಕಡೆಯ ತೂತಿನಿಂದ ತುಂಡನ್ನು ಸರ್ರನೆ ಎಳೆದರು. ಸಾಕ್ಸು ಕಾಲಲ್ಲಿ, ರೇಷ್ಮೆ ಕೈಯಲ್ಲಿ. "ದಿನಾ ರೇಷ್ಮೆ ಹಿಡಿಯೋಳು ನಾನು. ಅದು ಎಲ್ಲಿ ಜಾರ್ತದೆ ಅಂತ ನನಗೆ ಗೊತ್ತಿಲ್ವಾ?" ಎಂದರು. ಬುಧವಾರ ನೀವೂ ಬಂದು ಡಾಕ್ಟರಿಗೆ ಕಾಲು ತೋರಿಸಬೇಕು, ಪಾದದ ನಾಡಿ ನೋಡಿಸಿಕೊಂಡೇ ಇದನ್ನು ಹಾಕಿಕೊಳ್ಳಲು ಶುರು ಮಾಡಬೇಕಿತ್ತು ಎಂದು ನಾನು ಗಂಭೀರವಾಗಿ ಹೇಳಿದೆ. "ಒಂದು ತಿಂಗಳಾದ ಮೇಲೆ ಹೇಳ್ತಾಳೆ ನೋಡು" ಎಂದು ಅವರು ದೊಡ್ಡಮ್ಮನ ಕಡೆ ಕಣ್ಣು ಹೊಡೆದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ವಾರಕ್ಕೆ ಗಾಯ ಪೂರ್ತಿ ಮುಚ್ಚಲಿಲ್ಲ. ಹುಣಸೆಬೀಜದಷ್ಟು ಉಳಿದಿತ್ತು. ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಬದಲಿಗೆ, ಗಾಯ ಮಾಯುತ್ತಿದೆ, ಮೂರು ವಾರ ಅಡುಗೆ ಬಿಟ್ಟು ಕೂತು ಮಾಡುವ ಬೇರೆ ಕೆಲಸ ಕೊಡಿ ಎಂದು ಗುತ್ತಿಗೆಯವನಿಗೆ ಕಾಗದ ಬರೆದುಕೊಟ್ಟರು. ದೊಡ್ಡಮ್ಮ ಮೂರು ವಾರ ಕ್ಯಾಂಟೀನಿನ ಬಾಗಿಲಲ್ಲಿ ಕೂತು ಟೋಕನ್ ಇಸಿದುಕೊಂಡಳು. ಒಳಗೆ ಸಾರಿಗೆ ಉಪ್ಪು ಹಾಕುತ್ತಿದ್ದವರನ್ನು ದಿನಾ ಬೈದಳು. ನನ್ನ ಕೊನೆಯ ಗ್ರಾಫ್ ಹಾಳೆಯಲ್ಲಿ ತಾರೀಖು ಮಾತ್ರ ಇದೆ, ಗೆರೆಯಿಲ್ಲ. ಆ ವಾರ ಕೋಳಿ ಕೆದರಿದ ಸಹಿ ಬಿತ್ತು.

ಆದರೆ ಆ ಭಾನುವಾರ ಇದ್ಯಾವುದೂ ಗೊತ್ತಿರಲಿಲ್ಲ. ಅಲಾರಂ ಐದಕ್ಕೆ ಇಟ್ಟು ಮಲಗಿದೆ.

ಸೋಮವಾರ ಬೆಳಿಗ್ಗೆ ಮಸೀದಿಯ ಮೈಕು ಮೊದಲು ಎದ್ದಿತು, ದೇವಸ್ಥಾನದ ಮೈಕು ಆಮೇಲೆ, ನಾನು ಮೂರನೆಯವಳು. ದೊಡ್ಡಮ್ಮ ಕಾಲು ಕೆಳಗಿಡುವ ಮೊದಲೇ ಮಂಚದ ತುದಿಯಲ್ಲಿ ಕೂತು ಅವಳ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. "ಬುಡೇ, ಬಾಗಿಲಿಗೆ ನೀರಾಕಿಲ್ಲ ಇನ್ನೂವೆ" ಎಂದಳು. ಬಾಗಿಲು ಕಾಯುತ್ತದೆ ಎಂದೆ. ಪಟ್ಟಿ ಬದಲಿಸಿ, ರೇಷ್ಮೆ ಸುತ್ತಿ, ಸಾಕ್ಸು ಜಾರಿಸಿದೆ. ಮೊದಲ ಸಲ ಸಾಕ್ಸಿನ ಹಿಮ್ಮಡಿ ಮುಂಗಾಲಿಗೆ ಬಂತು. ಎರಡನೆಯ ಸಲ ರೇಷ್ಮೆ ಒಳಗೇ ಉಳಿಯಿತು. ಮೂರನೆಯ ಸಲ ಕೂತಿತು. ಗಮ್‌ಬೂಟಿನ ಬಾಯಿಗೆ ಮುಸುರೆ ನೀರು ಇಳಿಯದಂತೆ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಟ್ಟೆ. ಅವಳು ಎದ್ದು ನಿಂತು, ಎರಡು ಹೆಜ್ಜೆ ಇಟ್ಟು, "ಪೋಲೀಸಿನವ್ರು ಹಿಡ್ಕಂಡಂಗೈತೆ" ಎಂದು ಬಸ್ಸಿಗೆ ನಡೆದಳು.

ಮತ್ತೆ ಮಲಗಲಿಲ್ಲ. ಕಂದು ಸಾಕ್ಸನ್ನೂ ರೇಷ್ಮೆ ತುಂಡನ್ನೂ ಹಿಡಿದು ಪಕ್ಕದ ಮನೆಗೆ ಹೋದೆ. ಖಾಲಾ ಆಗಲೇ ಬೇಸಿನ್ನಿಗೆ ಉರಿ ಹಾಕಲು ಹೊರಟಿದ್ದರು. ಕೂರಿ, ನಾನು ಹಾಕಿಕೊಡುತ್ತೇನೆ ಎಂದೆ. ಅವರು ನನ್ನ ಕೈಯಿಂದ ಸಾಕ್ಸು ಕಿತ್ತುಕೊಂಡು, ಮೆಟ್ಟಿಲ ಮೇಲೆ ಕೂತು, ಒಂದೇ ಸಲಕ್ಕೆ ಏರಿಸಿ ರೇಷ್ಮೆ ಎಳೆದು ತೋರಿಸಿದರು. ನಾನು ಪುಸ್ತಕ ತೆಗೆದು ಹದಿನೈದನೆಯ ಪ್ರಶ್ನೆಯನ್ನು ಬರೆದುಕೊಂಡೆ, ಉತ್ತರ ಬರೆಯಲು ಅವರನ್ನು ಇನ್ನೊಂದು ಸಲ, ನಿಧಾನವಾಗಿ, ಹಾಕಿ ತೋರಿಸಲು ಕೇಳಿದೆ.